ಕಂದುಕಲೀಲೆಯೂ ಕಂದುಕವೃತ್ತಿಯೂ: ಇಟಲಿಯ ಮಾರಾ ಸಾಂಟಾಂಜೆಲೊ ಬೆಂಗಳೂರಿನಲ್ಲಿ ಪಡೆದ ಜಯವನ್ನು ಕುರಿತು

೧. ಪ್ರಸ್ತಾವನೆ

ಕೆಲವು ವರ್ಷಗಳ ಹಿಂದೆ ಮಳವಳ್ಳಿಯಲ್ಲಿ ನಾನು ಕುಮಾರಸಂಭವದ ಮೊದಲನೆಯ ಸರ್ಗವನ್ನು ಪಾಠ ಹೇಳುತ್ತಿದ್ದಾಗ, ಪಾರ್ವತಿಯು ಬಾಲ್ಯದಲ್ಲಿ ಮಂದಾಕಿನೀ ನದಿಯ ಮಳಲ ದಿಣ್ಣೆಗಳ ಮೇಲೆ ಸಖಿಯರ ನಡುವೆ ಚೆಂಡುಗಳಿಂದಲೂ ಬೊಂಬೆಗಳಿಂದಲೂ ಆಡಿದಳೆಂಬ ಸಂದರ್ಭವು ಬಂದಿತು. ಕಂದುಕ ಶಬ್ದದ ಅರ್ಥವನ್ನು ಹೇಳಿ ಮುಂದಕ್ಕೆ ಹೋಗುವಷ್ಟರಲ್ಲಿ ಒಬ್ಬ ವಿದ್ಯಾರ್ಥಿನಿಯು ಎದ್ದು ನಿಂತು, “ಗುರುಗಳೆ, ಆ ಆಟದಲ್ಲಿ ಗೆದ್ದವರು ಯಾರು?” ಎಂದು ಕೇಳಿದಳು. ಆಕೆಯು ಶಾಲೆಯ ಖೋ ಖೋ ತಂಡದಲ್ಲಿ ಆಡುತ್ತಿದ್ದವಳು. ಆಟವೆಂದ ಮೇಲೆ ಗೆಲವು ಸೋಲುಗಳು ಇರಲೇಬೇಕೆಂಬುದು ಆಕೆಗೆ ಸಹಜವಾಗಿಯೇ ತೋರಿತ್ತು. ಉಳಿದ ಮಕ್ಕಳು ನಕ್ಕರು. ನಾನೂ ನಕ್ಕು ಪಾಠವನ್ನು ಮುಂದುವರಿಸಿದೆನು. ಆದರೆ ಮನೆಗೆ ಬಂದ ಬಳಿಕ ಆ ಪ್ರಶ್ನೆಯು ನಗುವಂಥದಲ್ಲವೆಂದು ತೋರಿತು. ವ್ಯಾಖ್ಯಾನವನ್ನು ತಿರುವಿ ನೋಡಿದರೂ ಅದಕ್ಕೆ ಉತ್ತರವಿಲ್ಲ. ಇರುವ ಹಾಗೂ ಇಲ್ಲ. ಏಕೆಂದರೆ ಕವಿಯು ವರ್ಣಿಸಿರುವುದು ಲೀಲೆಯನ್ನು. ಹುಡುಗಿಯು ಕೇಳಿದುದು ಪಂದ್ಯದ ಸಂಗತಿಯನ್ನು.

ಈ ಎರಡಕ್ಕೂ ನಡುವೆ ಇರುವ ಅಂತರವನ್ನು ವಿಚಾರಿಸುವುದೂ, ಆ ಅಂತರವನ್ನು ದಾಟಿದ ಒಬ್ಬ ಸ್ತ್ರೀಯ ಚರಿತ್ರೆಯನ್ನು ನಮ್ಮ ನಾಡಿನ ಇತಿಹಾಸಕ್ಕೆ ಸೇರಿದ ಅಂಶವೆಂದು ಬರೆದಿಡುವುದೂ ಈ ಲೇಖನದ ಉದ್ದೇಶವಾಗಿದೆ. ಆ ಸ್ತ್ರೀಯು ಇಟಲಿ ದೇಶದ ಮಾರಾ ಸಾಂಟಾಂಜೆಲೊ ಎಂಬವಳು. ಈಕೆಯು ಟೆನ್ನಿಸ್ ಆಟವನ್ನೇ ವೃತ್ತಿಯಾಗಿ ಕೈಕೊಂಡು ಹಲವು ದೇಶಗಳಲ್ಲಿ ಆಡಿದವಳಾದರೂ, ಮಹಿಳಾ ಟೆನ್ನಿಸ್ ಸಂಘದ ಪಂದ್ಯಾವಳಿಗಳಲ್ಲಿ ಒಬ್ಬಳಾಗಿಯೇ ಆಡಿ ಗೆದ್ದ ಪ್ರಶಸ್ತಿಯು ಒಂದೇ ಒಂದು. ಅದನ್ನು ಗೆದ್ದುದು ೨೦೦೬ನೆಯ ಇಸವಿ ಫೆಬ್ರವರಿಯಲ್ಲಿ, ಬೆಂಗಳೂರಿನಲ್ಲಿ.

ಈ ವಿಷಯದಲ್ಲಿ ಎರಡು ಪೂರ್ವಪಕ್ಷಗಳುಂಟು. ಸ್ತ್ರೀಯರು ಬಯಲಿನಲ್ಲಿ ಚೆಂಡಾಡುವುದು ಪಾಶ್ಚಾತ್ಯರಿಂದ ಬಂದ ನಡತೆ, ನಮ್ಮ ಸಂಪ್ರದಾಯದಲ್ಲಿ ಇಲ್ಲವೆಂದು ಕೆಲವರು ಹೇಳುವರು. ಅದೆಲ್ಲವೂ ನಮ್ಮ ಪುರಾಣಗಳಲ್ಲಿಯೇ ಇದೆ, ಪಾಶ್ಚಾತ್ಯರು ಹೊಸದಾಗಿ ಮಾಡಿದುದು ಏನೂ ಇಲ್ಲವೆಂದು ಮತ್ತೆ ಕೆಲವರು ಹೇಳುವರು. ಈ ಎರಡು ಪಕ್ಷಗಳೂ ಗ್ರಂಥಗಳ ಎದುರಿನಲ್ಲಿ ನಿಲ್ಲಲಾರವು.

೨. ಕಾವ್ಯಗಳಲ್ಲಿ ಕಂದುಕ

ಮೊದಲನೆಯ ಪಕ್ಷವನ್ನು ನಿರಾಕರಿಸುವುದು ಸುಲಭ. ಪಾರ್ವತಿಯ ಪ್ರಸಂಗವನ್ನು ಈಗಲೇ ಹೇಳಿದೆ. ಭಾಗವತದ ಎಂಟನೆಯ ಸ್ಕಂಧದಲ್ಲಿ ಮೋಹಿನಿಯು ಉಪವನದಲ್ಲಿ ಚೆಂಡಾಡುತ್ತಿರುವುದನ್ನು ಕಂಡು ಶಿವನು ಮನಸೋಲುತ್ತಾನೆ. ಇವೆಲ್ಲಕ್ಕಿಂತಲೂ ವಿಸ್ತಾರವಾದುದು ದಂಡಿಯ ದಶಕುಮಾರಚರಿತದಲ್ಲಿ ಬರುವ ಮಿತ್ರಗುಪ್ತನ ಕಥೆ. ಸುಹ್ಮದೇಶದ ದಾಮಲಿಪ್ತ ನಗರದ ರಾಜಪುತ್ರಿಯಾದ ಕಂದುಕಾವತಿಯು ಪ್ರತಿ ಮಾಸವೂ ಕೃತ್ತಿಕಾ ನಕ್ಷತ್ರದಂದು ವಿಂಧ್ಯವಾಸಿನೀ ದೇವಿಯ ಪ್ರೀತಿಗಾಗಿ ಪುರಜನರೆಲ್ಲರ ಎದುರಿಗೆ ಚೆಂಡಾಡುತ್ತಾಳೆ. ಅದಕ್ಕೆ ಕಂದುಕೋತ್ಸವವೆಂದು ಹೆಸರು. ದಂಡಿಯು ಇಲ್ಲಿ ಬರಿಯ ಅಂಗಸೌಂದರ್ಯವನ್ನು ವರ್ಣಿಸಿ ಬಿಡುವುದಿಲ್ಲ. ಚೂರ್ಣಪದ, ಗೀತಮಾರ್ಗ, ಗೋಮೂತ್ರಿಕಾ ಮುಂತಾಗಿ ಹೊಡೆತಗಳಿಗೂ ನಡಿಗೆಗಳಿಗೂ ಪರಿಭಾಷೆಗಳನ್ನು ಕೊಡುತ್ತಾನೆ. ಪರಿಭಾಷೆಯು ಇದ್ದ ಮೇಲೆ ಅಭ್ಯಾಸವೂ, ಅಭ್ಯಾಸವನ್ನು ಕಲಿಸುವವರೂ, ನೋಡಿ ಗುಣದೋಷಗಳನ್ನು ಎಣಿಸುವವರೂ ಇದ್ದರೆಂದು ಊಹಿಸುವುದು ಯುಕ್ತವಾಗಿದೆ. ಆದುದರಿಂದ ಸ್ತ್ರೀಯರು ಬಹಿರಂಗದಲ್ಲಿ ಚೆಂಡಾಡುವುದು ನಮ್ಮ ದೇಶದಲ್ಲಿ ಅಪೂರ್ವವೆಂಬುದು ಸಲ್ಲದು.

ಇಷ್ಟರಿಂದ ಎರಡನೆಯ ಪಕ್ಷವು ಸಿದ್ಧವಾಯಿತೆಂದು ಹಿಗ್ಗಬಾರದು. ಕಂದುಕಾವತಿಗೆ ಎದುರಾಳಿಯಿಲ್ಲ. ಎಣಿಕೆಯಿಲ್ಲ, ಸೋಲಿಲ್ಲ. ಮುಖ್ಯವಾಗಿ, ಆ ಉತ್ಸವಕ್ಕೆ ಒಂದು ಅವಧಿಯುಂಟು: ಏಳನೆಯ ವರ್ಷದಿಂದ ವಿವಾಹವಾಗುವವರೆಗೆ ಮಾತ್ರ, ಅದೂ ಗುಣವಂತನಾದ ಪತಿಯನ್ನು ಪಡೆಯುವುದಕ್ಕಾಗಿ. ಪತಿಯು ದೊರೆತ ಕೂಡಲೆ ವ್ರತವು ಮುಗಿಯಿತು, ಚೆಂಡು ಕೈಬಿಟ್ಟಿತು. ಆಟವು ಇಲ್ಲಿ ಸಾಧನವೇ ಹೊರತು ಸಾಧ್ಯವಲ್ಲ.

ಚಾಲುಕ್ಯ ಚಕ್ರವರ್ತಿಯಾದ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದಲ್ಲಿ ರಚಿಸಿದ ಮಾನಸೋಲ್ಲಾಸದಲ್ಲಿ ವಾಹ್ಯಾಳೀವಿನೋದವೆಂಬ ಪ್ರಕರಣವಿದೆ. ಅಲ್ಲಿ ಕುದುರೆಯನ್ನೇರಿ ಎರಡು ಪಕ್ಷಗಳಾಗಿ ಚೆಂಡನ್ನು ಹೊಡೆದು ಗೆಲ್ಲುವ ಆಟದ ಕ್ರಮವನ್ನು ಹೇಳಿದೆ. ಪಕ್ಷ, ಪ್ರತಿಪಕ್ಷ, ಜಯ, ಅಪಜಯಗಳು ಇಲ್ಲಿ ಸ್ಪಷ್ಟವಾಗಿವೆ. ಆದರೆ ಆಡುವವರು ರಾಜನೂ ರಾಜಪುತ್ರರೂ. ಹೀಗೆ ನಮ್ಮ ಗ್ರಂಥಗಳಲ್ಲಿ ಚೆಂಡು ಸ್ತ್ರೀಯರ ಕೈಯಲ್ಲಿದ್ದಾಗ ಲೀಲೆಯಾಗಿಯೂ, ಪುರುಷರ ಕೈಯಲ್ಲಿದ್ದಾಗ ಪಂದ್ಯವಾಗಿಯೂ ಕಾಣುತ್ತದೆ. ನನ್ನ ವಿದ್ಯಾರ್ಥಿನಿಯ ಪ್ರಶ್ನೆಯು ಈ ಗೆರೆಯನ್ನೇ ಮುಟ್ಟಿತ್ತು.

ಈ ಗೆರೆಯು ಗ್ರಂಥಗಳಲ್ಲಿ ಮಾತ್ರ ಇರುವುದೆಂದು ತಿಳಿಯಬಾರದು. ಆರು ವರ್ಷಗಳಾದ ಮೇಲೆ ಮದ್ದೂರಿನ ರೈಲು ನಿಲ್ದಾಣದಲ್ಲಿ ಆ ಹುಡುಗಿಯನ್ನೇ ಕಂಡೆನು. ಕಂಕುಳಲ್ಲಿ ಕೂಸಿತ್ತು. ಈಗಲೂ ಆಡುವುದುಂಟೆ ಎಂದು ಕೇಳಿದುದಕ್ಕೆ, “ಮದುವೆ ಆದ್ಮೇಲೆ ಎಲ್ಲಿ ಆಟ ಗುರುಗಳೆ” ಎಂದಳು. ಅದರಲ್ಲಿ ದುಃಖವೇನೂ ಕೇಳಿಬರಲಿಲ್ಲ. ಎಲ್ಲರಿಗೂ ತಿಳಿದ ನಿಯಮವೊಂದನ್ನು ಹೇಳುವ ಹಾಗೆ ಹೇಳಿದಳು. ದಂಡಿಯು ಬರೆದ ಕಂದುಕೋತ್ಸವದ ಅವಧಿಯು ನನಗೆ ನೆನಪಾಯಿತು.

೩. ಆಟವು ಶಾಸ್ತ್ರವಾದುದು, ವೃತ್ತಿಯಾದುದು

ಟೆನ್ನಿಸ್ ಆಟವು ಮಧ್ಯಯುಗದ ಫ್ರಾನ್ಸ್ ದೇಶದ ಮಠಗಳಲ್ಲಿಯೂ ಅರಮನೆಗಳಲ್ಲಿಯೂ ಅಂಗೈಯಿಂದ ಚೆಂಡನ್ನು ಹೊಡೆಯುವ ಆಟವಾಗಿ ಬೆಳೆಯಿತು. ಆದರೆ ಅದನ್ನು ಕುರಿತ ಮೊದಲನೆಯ ಶಾಸ್ತ್ರಗ್ರಂಥವು ಹುಟ್ಟಿದುದು ಇಟಲಿಯಲ್ಲಿ. ಅಂತೋನಿಯೊ ಸ್ಕೈನೊ ಎಂಬ ಪಾದ್ರಿಯು ೧೫೫೫ರಲ್ಲಿ ವೆನಿಸ್ ನಗರದಲ್ಲಿ ಚೆಂಡಾಟವನ್ನು ಕುರಿತ ಒಂದು ಪ್ರಬಂಧವನ್ನು ಅಚ್ಚುಮಾಡಿಸಿದನು. ಅಂಕಣದ ಅಳತೆ, ಚೆಂಡಿನ ರಚನೆ, ಹೊಡೆತಗಳ ಭೇದ, ಹದಿನೈದು ಮೂವತ್ತು ಎಂದು ಏರುವ ವಿಚಿತ್ರವಾದ ಎಣಿಕೆ ಇವನ್ನೆಲ್ಲ ಆತನು ವಿಚಾರಿಸಿದ್ದಾನೆ. ಲಕ್ಷಣಗ್ರಂಥಗಳನ್ನು ಓದಿ ಬೆಳೆದ ನಮ್ಮಂಥವರಿಗೆ ಇಂಥ ಪುಸ್ತಕವು ಆತ್ಮೀಯವಾಗಿ ತೋರುವುದು ಸಹಜ.

ಈಗ ನಾವು ಕಾಣುವ ಹುಲ್ಲಂಗಳದ ಟೆನ್ನಿಸ್ಸು ಇಂಗ್ಲೆಂಡಿನಲ್ಲಿ ರೂಪುಗೊಂಡಿತು. ಮೇಜರ್ ವಿಂಗ್‌ಫೀಲ್ಡ್ ಎಂಬವನು ೧೮೭೪ರಲ್ಲಿ ಅದಕ್ಕೆ ಸ್ವಾಮ್ಯಪತ್ರವನ್ನು ಪಡೆದನು. ವಿಂಬಲ್ಡನ್ನಿನಲ್ಲಿ ಪುರುಷರ ಪಂದ್ಯಗಳು ೧೮೭೭ರಲ್ಲಿಯೂ ಸ್ತ್ರೀಯರ ಪಂದ್ಯಗಳು ೧೮೮೪ರಲ್ಲಿಯೂ ಮೊದಲಾದುವು. ಎಂದರೆ, ಅಲ್ಲಿಯೂ ಲೀಲೆಯಿಂದ ಪಂದ್ಯಕ್ಕೆ ಬರಲು ಸ್ತ್ರೀಯರು ಏಳು ವರ್ಷ ಕಾಯಬೇಕಾಯಿತು. ಪಂದ್ಯದಿಂದ ವೃತ್ತಿಗೆ ಬರಲು ಇನ್ನೂ ಬಹುಕಾಲ ಹಿಡಿಯಿತು. ದೊಡ್ಡ ಪಂದ್ಯಾವಳಿಗಳು ವೃತ್ತಿಪರರಿಗೆ ಬಾಗಿಲು ತೆರೆದುದು ೧೯೬೮ರಲ್ಲಿ. ಪುರುಷರಿಗಿಂತ ಬಹು ಕಡಮೆಯಾದ ಬಹುಮಾನವನ್ನು ತಮಗೆ ಕೊಡುತ್ತಿರುವುದನ್ನು ಪ್ರತಿಭಟಿಸಿ ಒಂಬತ್ತು ಮಂದಿ ಆಟಗಾರ್ತಿಯರು ೧೯೭೦ರಲ್ಲಿ ಅಮೆರಿಕದ ಹ್ಯೂಸ್ಟನ್ ನಗರದಲ್ಲಿ ತಲಾ ಒಂದು ಡಾಲರಿನ ಕರಾರಿಗೆ ರುಜು ಹಾಕಿ ಬೇರೆಯಾಗಿ ಆಡಿದರು. ೧೯೭೩ರಲ್ಲಿ ಮಹಿಳಾ ಟೆನ್ನಿಸ್ ಸಂಘವು ಸ್ಥಾಪಿತವಾಯಿತು. ವಿಂಬಲ್ಡನ್ನಿನಲ್ಲಿ ಬಹುಮಾನವು ಸಮವಾದುದು ೨೦೦೭ರಲ್ಲಿ ಮಾತ್ರ.

೪. ಭರತಖಂಡದ ಆಟಗಾರ್ತಿಯರು

ನಮ್ಮ ದೇಶದಲ್ಲಿ ಈ ಆಟದ ಚರಿತ್ರೆಯು ಸಂಸ್ಕೃತ ವಿದ್ಯೆಯ ಚರಿತ್ರೆಯೊಡನೆ ಒಂದು ಕಡೆ ಕೂಡಿಕೊಂಡಿದೆ. ಸಾಯಣಭಾಷ್ಯಸಹಿತವಾಗಿ ಅಥರ್ವವೇದವನ್ನು ಸಂಪಾದಿಸಿದ ಶಂಕರ ಪಾಂಡುರಂಗ ಪಂಡಿತರ ಹೆಸರು ವಿದ್ವಾಂಸರಿಗೆ ವಿದಿತವೇ ಆಗಿದೆ. ಆ ಸಾಯಣಾಚಾರ್ಯನು ವಿಜಯನಗರದ ಆಸ್ಥಾನದವನಾದುದರಿಂದ ಈ ಋಣವು ಕನ್ನಡಿಗರಿಗೂ ಸೇರಿದುದು. ಪಂಡಿತರ ಮಗಳು ಕ್ಷಮಾ ರಾವ್ ಅವರು (೧೮೯೦–೧೯೫೪) ಸಂಸ್ಕೃತದಲ್ಲಿ ಕಾವ್ಯಗಳನ್ನೂ ಕಥೆಗಳನ್ನೂ ಬರೆದರು. ಅವರ ಸತ್ಯಾಗ್ರಹಗೀತೆಯು ೧೯೩೨ರಲ್ಲಿ ಪ್ಯಾರಿಸ್ ನಗರದಲ್ಲಿ ಅಚ್ಚಾಯಿತು. ಇದೇ ಕ್ಷಮಾ ರಾವ್ ಅವರು ಟೆನ್ನಿಸ್ ಆಟದಲ್ಲಿ ನುರಿತು ಪ್ರಶಸ್ತಿಗಳನ್ನು ಪಡೆದವರೆಂಬುದನ್ನು ನಮ್ಮ ಸಾಹಿತ್ಯಚರಿತ್ರೆಗಳು ಹೇಳುವುದು ಅಪೂರ್ವ. ಅವರ ಮಗಳು ಲೀಲಾ ರಾವ್ ಅವರು ೧೯೩೪ರಲ್ಲಿ ವಿಂಬಲ್ಡನ್ನಿನ ಮೊದಲನೆಯ ಸುತ್ತಿನಲ್ಲಿ ಇಂಗ್ಲೆಂಡಿನ ಗ್ಲಾಡಿಸ್ ಸೌತ್‌ವೆಲ್ ಎಂಬವಳನ್ನು ಸೋಲಿಸಿ, ಅಲ್ಲಿ ಪಂದ್ಯವನ್ನು ಗೆದ್ದ ಮೊದಲನೆಯ ಭಾರತೀಯ ಸ್ತ್ರೀಯೆನಿಸಿದರು. ಎರಡನೆಯ ಸುತ್ತಿನಲ್ಲಿ ಫ್ರಾನ್ಸಿನ ಇಡಾ ಅದಮಾಫಳಿಗೆ ಸೋತರು. ಮುಂದೆ ಅವರು ನಾಟ್ಯವನ್ನು ಕುರಿತು ಗ್ರಂಥರಚನೆ ಮಾಡಿದರು. ಕಂದುಕವೂ ಕಾವ್ಯವೂ ಒಂದೇ ಮನೆಯಲ್ಲಿ ವಾಸಮಾಡಬಲ್ಲವೆಂಬುದಕ್ಕೆ ಇದಕ್ಕಿಂತ ಬೇರೆ ಪ್ರಮಾಣವು ಬೇಕಾಗಿಲ್ಲ.

ವೃತ್ತಿಯ ಯುಗದಲ್ಲಿ, ೧೯೯೮ರ ಆಸ್ಟ್ರೇಲಿಯ ಪಂದ್ಯಾವಳಿಯಲ್ಲಿ ಕೊಯಮತ್ತೂರಿನ ನಿರುಪಮಾ ವೈದ್ಯನಾಥನ್ ಅವರು ಮೊದಲನೆಯ ಸುತ್ತನ್ನು ಗೆದ್ದರು; ಸೋತವಳು ಗ್ಲೋರಿಯಾ ಪಿಟ್ಸಿಕೀನಿ ಎಂಬ ಇಟಲಿಯವಳು. ೨೦೦೫ರಲ್ಲಿ ಸಾನಿಯಾ ಮಿರ್ಜಾ ಅವರು ಹೈದರಾಬಾದಿನಲ್ಲಿ ಮಹಿಳಾ ಸಂಘದ ಪಂದ್ಯಾವಳಿಯನ್ನು ಗೆದ್ದರು. ಮರುವರ್ಷ ಆ ಪಂದ್ಯಾವಳಿಯು ಹೈದರಾಬಾದನ್ನು ಬಿಟ್ಟು ಬೆಂಗಳೂರಿಗೆ ಬಂದಿತು.

೫. ಮಾರಾ ಸಾಂಟಾಂಜೆಲೊ

ಈಕೆಯು ಹುಟ್ಟಿದುದು ೧೯೮೧ನೆಯ ಇಸವಿ ಜೂನ್ ೨೮ರಂದು, ರೋಮಾಪುರಿಗೆ ದಕ್ಷಿಣದಲ್ಲಿರುವ ಲಾತೀನಾ ಎಂಬ ಊರಿನಲ್ಲಿ. ಹದಿಹರೆಯದಲ್ಲಿಯೇ ತಾಯಿಯನ್ನು ರಸ್ತೆಯ ಅಪಘಾತದಲ್ಲಿ ಕಳೆದುಕೊಂಡಳು. ಮುಂದೆ ಆಕೆಯು ಬರೆದ ಆತ್ಮಕಥೆಗೆ “ನಿನಗೆ ಮಾತು ಕೊಡುತ್ತೇನೆ” ಎಂಬರ್ಥದ ಹೆಸರನ್ನಿಟ್ಟಿರುವುದು ಈ ತಾಯಿಯನ್ನು ನೆನೆದೇ.

ಇಟಲಿಯಲ್ಲಿ ಈಕೆಗಿಂತ ಮುಂಚೆ ಹೆಸರಾದ ಆಟಗಾರ್ತಿಯರು ಇರಲಿಲ್ಲವೆಂದಲ್ಲ. ಲೂಚಿಯಾ ವಲೇರಿಯೊ ಎಂಬವಳು ೧೯೩೧ರಲ್ಲಿಯೇ ಮಿಲಾನಿನಲ್ಲಿ ನಡೆದ ಇಟಲಿಯ ಅಂತಾರಾಷ್ಟ್ರೀಯ ಪಂದ್ಯಾವಳಿಯನ್ನು ಗೆದ್ದಿದ್ದಳು. ಆದರೆ ಆ ದೇಶದ ಆಟವು ಬಹುಮಟ್ಟಿಗೆ ಕೆಮ್ಮಣ್ಣಿನ ಅಂಕಣದ ಆಟ. ಹಿಂದೆ ನಿಂತು, ತಾಳ್ಮೆಯಿಂದ, ಎದುರಾಳಿಯು ತಪ್ಪುವವರೆಗೆ ಚೆಂಡನ್ನು ಹಿಂತಿರುಗಿಸುವುದು ಅದರ ಕ್ರಮ. ಸಾಂಟಾಂಜೆಲೊ ಅದಕ್ಕೆ ಅಪವಾದವಾಗಿದ್ದಳು. ಎತ್ತರದ ಆಳಾದ ಈಕೆಯು ಬಲವಾಗಿ ಸರ್ವ್ ಮಾಡಿ ಬಲೆಯ ಬಳಿಗೆ ಮುನ್ನುಗ್ಗಿ, ಚೆಂಡು ನೆಲವನ್ನು ಮುಟ್ಟುವ ಮೊದಲೇ ಹೊಡೆದು ಮುಗಿಸುವ ವಿಧಾನವನ್ನು ನೆಚ್ಚಿಕೊಂಡಿದ್ದಳು. ೨೦೦೫ರ ವಿಂಬಲ್ಡನ್ನಿನ ಎರಡನೆಯ ಸುತ್ತಿನಲ್ಲಿ, ಅದಾಗಲೇ ಅಲ್ಲಿ ಎರಡು ಬಾರಿ ಗೆದ್ದಿದ್ದ ಸೆರೀನಾ ವಿಲಿಯಮ್ಸಳಿಂದ ಮೊದಲನೆಯ ಸೆಟ್ಟನ್ನು ೬–೨ರಿಂದ ಕಸಿದುಕೊಂಡು, ಬಳಿಕ ಎರಡು ಸೆಟ್ಟುಗಳನ್ನು ಕಳೆದುಕೊಂಡಳು.

ಮರುವರ್ಷ ಫೆಬ್ರವರಿಯಲ್ಲಿ ಬೆಂಗಳೂರಿಗೆ ಬಂದಳು. ಕಬ್ಬನ್ ಉದ್ಯಾನದೊಳಗೆ ಇರುವ ಕರ್ನಾಟಕ ರಾಜ್ಯ ಲಾನ್ ಟೆನ್ನಿಸ್ ಸಂಸ್ಥೆಯ ಗಟ್ಟಿನೆಲದ ಅಂಕಣಗಳಲ್ಲಿ ಪಂದ್ಯಗಳು ನಡೆದುವು. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು ೯೦೦ ಮೀಟರು ಎತ್ತರದಲ್ಲಿರುವ ಕಾರಣ ಇಲ್ಲಿಯ ಗಾಳಿಯು ತುಸು ತೆಳುವು. ಚೆಂಡು ಹೆಚ್ಚು ವೇಗದಿಂದ ಹಾರುವುದು. ಮುನ್ನುಗ್ಗಿ ಆಡುವವರಿಗೆ ಇದು ಅನುಕೂಲ, ಹಿಂದೆ ನಿಂತು ಆಡುವವರಿಗೆ ಪ್ರತಿಕೂಲ. ತನ್ನ ದೇಶದ ಕೆಮ್ಮಣ್ಣಿನಲ್ಲಿ ಪೂರ್ಣವಾಗಿ ಫಲಿಸದ ಈಕೆಯ ವಿಧಾನವು ನಮ್ಮ ಪ್ರಸ್ಥಭೂಮಿಯ ಗಾಳಿಯಲ್ಲಿ ಫಲಿಸಿತೆಂದು ಊಹಿಸಬಹುದು.

ಅಂತಿಮ ಪಂದ್ಯದಲ್ಲಿ ಎದುರಾದವಳು ಕ್ರೊಯೇಷಿಯಾ ದೇಶದ ಯೆಲೆನಾ ಕೊಸ್ತಾನಿಚ್. ಮೊದಲನೆಯ ಸೆಟ್ಟನ್ನು ಸಾಂಟಾಂಜೆಲೊ ೩–೬ರಿಂದ ಸೋತಳು. ಎರಡನೆಯದು ಆರಕ್ಕೆ ಆರು ಸಮವಾಗಿ, ಟೈಬ್ರೇಕರಿನಲ್ಲಿ ನಿರ್ಣಯವಾಗಬೇಕಾಯಿತು. ಟೈಬ್ರೇಕರು ಎಂದರೆ ಏಳು ಅಂಕಗಳನ್ನು ಎರಡರ ಅಂತರದಿಂದ ಮೊದಲು ಪಡೆದವರಿಗೆ ಸೆಟ್ಟು ಸಲ್ಲುವ ಕ್ರಮ. ಇಲ್ಲಿ ಸೋತಿದ್ದರೆ ಪಂದ್ಯವೇ ಮುಗಿಯುತ್ತಿತ್ತು. ಈಕೆಯು ಅದನ್ನು ಗೆದ್ದಳು. ಮೂರನೆಯ ಸೆಟ್ಟನ್ನು ೬–೩ರಿಂದ ಗೆದ್ದು ಪ್ರಶಸ್ತಿಯನ್ನು ಪಡೆದಳು. ಅದೇ ಪಂದ್ಯಾವಳಿಯಲ್ಲಿ ಜೊತೆಯಾಟದ ಪ್ರಶಸ್ತಿಯು ಸಾನಿಯಾ ಮಿರ್ಜಾ ಮತ್ತು ಲೀಜೆಲ್ ಹ್ಯೂಬರ್ ಇವರ ಪಾಲಾಯಿತು.

ಅದೇ ವರ್ಷದ ಸೆಪ್ಟೆಂಬರಿನಲ್ಲಿ ಇಟಲಿಯು ಬೆಲ್ಜಿಯಮ್ ದೇಶವನ್ನು ೩–೨ರಿಂದ ಸೋಲಿಸಿ ರಾಷ್ಟ್ರಗಳ ಸ್ತ್ರೀಯರ ಪಂದ್ಯಾವಳಿಯಾದ ಫೆಡ್ ಕಪ್ಪನ್ನು ಮೊದಲನೆಯ ಬಾರಿ ಗೆದ್ದಿತು; ಆ ತಂಡದಲ್ಲಿ ಸಾಂಟಾಂಜೆಲೊ ಇದ್ದಳು. ೨೦೦೭ರಲ್ಲಿ ಮತ್ತೆ ಬೆಂಗಳೂರಿಗೆ ಬಂದು ಅಂತಿಮ ಪಂದ್ಯವನ್ನು ಮುಟ್ಟಿದಳಾದರೂ, ಯಾರೊಸ್ಲಾವಾ ಶ್ವೆದೊವಾ ಎಂಬ ರಷ್ಯದ ಹುಡುಗಿಗೆ ೪–೬, ೪–೬ರಿಂದ ಸೋತಳು. ಜೂನ್ ತಿಂಗಳಲ್ಲಿ ಆಸ್ಟ್ರೇಲಿಯದ ಅಲಿಸಿಯಾ ಮೋಲಿಕಳೊಡನೆ ಕೂಡಿ ಪ್ಯಾರಿಸ್ಸಿನ ಫ್ರೆಂಚ್ ಪಂದ್ಯಾವಳಿಯ ಜೊತೆಯಾಟದ ಪ್ರಶಸ್ತಿಯನ್ನು ಗೆದ್ದಳು. ಅಂತಿಮ ಪಂದ್ಯದಲ್ಲಿ ಸೋತವರು ಕತಾರಿನಾ ಸ್ರೆಬೊತ್ನಿಕ್ ಮತ್ತು ಆಯಿ ಸುಗಿಯಾಮಾ. ಆ ವರ್ಷದ ಜುಲೈಯಲ್ಲಿ ಸಿಂಗಲ್ಸ್ ಶ್ರೇಣಿಯಲ್ಲಿ ೨೭ನೆಯ ಸ್ಥಾನವನ್ನು ಮುಟ್ಟಿದಳು; ಜೊತೆಯಾಟದಲ್ಲಿ ೫ನೆಯ ಸ್ಥಾನವನ್ನೂ ಏರಿದಳು. ಅದರ ಮೇಲೆ ಏರಲಿಲ್ಲ. ಪಾದದ ನೋವು ಬಿಡದೆ ಕಾಡಿತು; ೨೦೧೧ರ ಆರಂಭದಲ್ಲಿ, ಮೂವತ್ತು ವರ್ಷ ತುಂಬುವ ಮೊದಲೇ, ಆಟವನ್ನು ಬಿಟ್ಟಳು.

ಕುಮಾರಸಂಭವದ ಐದನೆಯ ಸರ್ಗದಲ್ಲಿ, ಚೆಂಡಾಟದಿಂದಲೇ ಬಳಲುತ್ತಿದ್ದ ಸುಕುಮಾರಿಯು ಮುನಿಗಳ ತಪಸ್ಸನ್ನು ಹೇಗೆ ಕೈಕೊಂಡಳೆಂದು ಕವಿಯು ಬೆರಗುಪಡುತ್ತಾನೆ. ಅಲ್ಲಿ ಕಂದುಕವೊಂದು ಕಡೆ, ತಪಸ್ಸೊಂದು ಕಡೆ. ಸಾಂಟಾಂಜೆಲೊವಿನಂಥವಳ ಚರಿತ್ರೆಯಲ್ಲಿ ಕಂದುಕವೇ ತಪಸ್ಸು. ದೇಹವು ಬಳಲಿದುದೂ ಅದರಿಂದಲೇ, ಫಲವು ಬಂದುದೂ ಅದರಿಂದಲೇ. ಕಾಳಿದಾಸನ ಉಕ್ತಿಗೆ ಇದರಿಂದ ಕುಂದಿಲ್ಲ. ಆತನ ಕಾಲದಲ್ಲಿ ಇಲ್ಲದ ಒಂದು ಆಶ್ರಮವು ಈಗ ಸ್ತ್ರೀಯರಿಗೆ ಉಂಟಾಗಿದೆ ಎಂದಷ್ಟೆ ತಿಳಿಯಬೇಕು.

ಈಕೆಯ ತಂಡದವರು ಮುಂದೆ ಇನ್ನೂ ದೊಡ್ಡ ಕೀರ್ತಿಯನ್ನು ಪಡೆದರು. ಫ್ರಾಂಚೆಸ್ಕಾ ಸ್ಕಿಯಾವೋನೆ ೨೦೧೦ರಲ್ಲಿ ಫ್ರೆಂಚ್ ಪಂದ್ಯಾವಳಿಯನ್ನು ಗೆದ್ದಳು. ೨೦೧೫ರಲ್ಲಿ ಅಮೆರಿಕದ ಅಂತಿಮ ಪಂದ್ಯದಲ್ಲಿ ಫ್ಲಾವಿಯಾ ಪೆನ್ನೆಟ್ಟಾ, ರೊಬೆರ್ತಾ ವಿಂಚಿ ಎಂಬ ಇಬ್ಬರು ಇಟಲಿಯವರೇ ಎದುರೆದುರಾಗಿ, ಪೆನ್ನೆಟ್ಟಾ ಗೆದ್ದಳು. ೨೦೨೪ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಸಾರಾ ಎರ‍್ರಾನಿ ಮತ್ತು ಯಾಸ್ಮಿನ್ ಪಾವೊಲೀನಿ ಇವರು ಜೊತೆಯಾಟದ ಸುವರ್ಣಪದಕವನ್ನು ಪಡೆದರು. ಈ ಉಚ್ಛ್ರಾಯದ ಮೊದಲನೆಯ ವರ್ಷವು ೨೦೦೬. ಆ ವರ್ಷದ ಮೊದಲಲ್ಲಿಯೇ ಬಂದ ಗೆಲವುಗಳಲ್ಲಿ ಬೆಂಗಳೂರಿನದೂ ಒಂದು. ಬೆಂಗಳೂರಿನಲ್ಲಿ ಮಾತ್ರ ಈ ಪಂದ್ಯಾವಳಿಯು ಮೂರೇ ವರ್ಷ ನಡೆಯಿತು. ೨೦೦೮ರಲ್ಲಿ ಸೆರೀನಾ ವಿಲಿಯಮ್ಸಳು ಪಾಟಿ ಶ್ನೀಡರಳನ್ನು ಸೋಲಿಸಿ ಗೆದ್ದುದೇ ಕೊನೆಯದು.

೬. ಆತಕೂರಿನ ಕಲ್ಲು, ಒಂದು ಹಳೆಯ ಋಣ

ಪರದೇಶದವಳ ಜಯವನ್ನು ನಾವು ಏಕೆ ಬರೆದಿಡಬೇಕೆಂದು ವಾಚಕರು ಕೇಳಬಹುದು. ಇದಕ್ಕೆ ಎರಡು ಉತ್ತರಗಳಿವೆ.

ಮೊದಲನೆಯದು ಋಣದ ಸಂಗತಿ. ಕ್ರಿ. ಶ. ೧೬೨೩ರಲ್ಲಿ ಪಿಯೆತ್ರೊ ದೆಲ್ಲಾ ವಾಲ್ಲೆ ಎಂಬ ರೋಮಾಪುರಿಯ ಪ್ರವಾಸಿಯು ಪೋರ್ಚುಗೀಸರ ರಾಯಭಾರಿಯ ಸಂಗಡ ವೆಂಕಟಪ್ಪನಾಯಕನ ಇಕ್ಕೇರಿಗೆ ಬಂದನು. ಅಲ್ಲಿಯ ಬೀದಿಗಳಲ್ಲಿ ಹುಡುಗಿಯರು ಗುಂಪುಗೂಡಿ, ಬಣ್ಣದ ಕೋಲುಗಳನ್ನು ಹಿಡಿದು, ವರ್ತುಲವಾಗಿ ಹಾಡುತ್ತ ಕುಣಿದುದನ್ನು ತನ್ನ ಕಾಗದಗಳಲ್ಲಿ ವಿವರವಾಗಿ ಬರೆದನು. ಬಳಿಕ ಮಣೇಲಿನಲ್ಲಿ ಉಳ್ಳಾಲದ ರಾಣಿಯು ಬರಿಗಾಲಿನಲ್ಲಿ ನಿಂತು ಕಾಲುವೆಯ ಕೆಲಸವನ್ನು ಮಾಡಿಸುತ್ತಿದ್ದುದನ್ನೂ ಬರೆದನು. ನಮ್ಮ ಹುಡುಗಿಯರು ಒಂದು ಗೊತ್ತಾದ ವರ್ಷ, ಗೊತ್ತಾದ ಊರಿನಲ್ಲಿ ಕೋಲಾಟವಾಡಿದರೆಂಬುದಕ್ಕೆ ಕಣ್ಣಾರೆ ಕಂಡವನ ಸಾಕ್ಷ್ಯವನ್ನು ಒಬ್ಬ ಇಟಲಿಯವನು ಉಳಿಸಿಕೊಟ್ಟನು. ಇಟಲಿಯ ಹೆಣ್ಣುಮಗಳೊಬ್ಬಳು ನಮ್ಮ ನಾಡಿನಲ್ಲಿ ಆಡಿ ಗೆದ್ದುದನ್ನು ನಾವು ಬರೆದಿಟ್ಟರೆ ಆ ಋಣದಲ್ಲಿ ಸ್ವಲ್ಪವನ್ನಾದರೂ ತೀರಿಸಿದ ಹಾಗಾಗುವುದು.

ಎರಡನೆಯದು ನಮ್ಮ ಸೀಮೆಗೇ ಸೇರಿದುದು. ಮದ್ದೂರು ತಾಲ್ಲೂಕಿನ ಆತಕೂರಿನ ಶಾಸನವು ಶಕವರ್ಷ ೮೭೨ಕ್ಕೆ, ಎಂದರೆ ಕ್ರಿ. ಶ. ೯೪೯–೫೦ಕ್ಕೆ ಸೇರಿದುದು. ತಕ್ಕೋಲದ ಯುದ್ಧದಲ್ಲಿ ಪರಾಕ್ರಮವನ್ನು ತೋರಿದ ಮಣಲೆರನೆಂಬ ವೀರನು ಗಂಗರ ಬೂತುಗನಲ್ಲಿ ಬೇಡಿದುದು ಕಾಳಿಯೆಂಬ ನಾಯಿಯನ್ನು. ಆ ನಾಯಿಯು ಬೇಟೆಯಲ್ಲಿ ಒಂದು ಮಹಾವರಾಹದೊಡನೆ ಹೋರಾಡಿ, ಎರಡೂ ಒಟ್ಟಿಗೆ ಸತ್ತುವು. ಅದರ ನೆನಪಿಗಾಗಿ ಚಲ್ಲೇಶ್ವರನ ಗುಡಿಯ ಎದುರಿಗೆ ಕಲ್ಲನ್ನು ನಿಲ್ಲಿಸಿ ಭೂಮಿಯನ್ನು ಬಿಟ್ಟರ‍ು. ಆ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಸಾಂಟಾಂಜೆಲೊ ಗೆದ್ದ ಅಂಕಣಗಳೂ ಆ ಸಂಗ್ರಹಾಲಯವೂ ಒಂದೇ ಉದ್ಯಾನದ ಆಸುಪಾಸಿನಲ್ಲಿವೆ.

ಈ ನಾಡಿನ ಜನರು ಒಂದು ನಾಯಿಯ ಹೋರಾಟವನ್ನು ಹೆಸರು, ಸ್ಥಳ, ಎದುರಾಳಿ, ಫಲ ಇವುಗಳೊಡನೆ ಕಲ್ಲಿನಲ್ಲಿ ಬರೆಯಿಸಿದರು. ಅದು ಅವರ ಹಿರಿಮೆ. ಆದರೆ ಸ್ತ್ರೀಯರಿಗೆ ಕಲ್ಲು ದೊರೆತುದು ಬಹುಮಟ್ಟಿಗೆ ಯಾವಾಗ ಎಂದು ನೋಡಿದರೆ, ಪತಿಯೊಡನೆ ಚಿತೆಯನ್ನೇರಿದಾಗ. ವೀರಗಲ್ಲು ಆಡಿದವರದು, ಮಾಸ್ತಿಕಲ್ಲು ಅಳಿದವಳದು. ದಾನಗಳನ್ನು ಮಾಡಿದ ರಾಣಿಯರ ಶಾಸನಗಳು ಉಂಟು, ನಿಜ. ಹೆಣ್ಣೊಬ್ಬಳು ತನ್ನ ತೋಳ ಬಲದಿಂದ ಇನ್ನೊಬ್ಬಳನ್ನು ಗೆದ್ದಳೆಂದು ಹೇಳುವ ಕಲ್ಲುಗಳಾದರೋ ಅತಿ ವಿರಳ. ಇಂಥ ಜಯಗಳು ಆಗಲೇ ಇಲ್ಲವೆಂದು ಹೇಳಲಾಗುವುದಿಲ್ಲ. ಬರೆಯತಕ್ಕವೆಂದು ಬರೆಯುವವರಿಗೆ ತೋರಲಿಲ್ಲ ಎಂದು ಹೇಳಬಹುದು.

ಆದಕಾರಣ ಮಂಡ್ಯ, ಮದ್ದೂರು, ಮಳವಳ್ಳಿಗಳ ಉಪಾಧ್ಯಾಯ ಮಿತ್ರರಲ್ಲಿ ನನ್ನದೊಂದು ವಿಜ್ಞಾಪನೆಯಿದೆ. ನಿಮ್ಮ ಶಾಲೆಗಳಲ್ಲಿ ಹೆಣ್ಣುಮಕ್ಕಳು ಆಡುವ ಪಂದ್ಯಗಳನ್ನು, ಅದು ಖೋ ಖೋ ಆಗಲಿ ಕಬಡ್ಡಿಯಾಗಲಿ ಟೆನ್ನಿಸ್ಸಾಗಲಿ, ಒಂದು ಪುಸ್ತಕದಲ್ಲಿ ಬರೆದಿಡಿರಿ: ದಿನ, ಊರು, ಆಡಿದವರ ಹೆಸರು, ಎದುರಾಳಿಗಳ ಹೆಸರು, ಎಣಿಕೆ. ಆತಕೂರಿನ ಲಿಪಿಕಾರನು ಇದಕ್ಕಿಂತ ಹೆಚ್ಚಾಗಿ ಏನನ್ನೂ ಬರೆಯಲಿಲ್ಲ. ನನ್ನ ವಿದ್ಯಾರ್ಥಿನಿಯು ಶಾಲೆಯಲ್ಲಿದ್ದಾಗ ಎಷ್ಟು ಪಂದ್ಯಗಳನ್ನು ಗೆದ್ದಳೆಂದು ವಿಚಾರಿಸಿ ನೋಡಿದೆನು. ಯಾವ ಪುಸ್ತಕದಲ್ಲಿಯೂ ಅದು ಬರೆದಿರಲಿಲ್ಲ. ಪಾರ್ವತಿಯ ಆಟದಲ್ಲಿ ಗೆದ್ದವರು ಯಾರೆಂದು ಆಕೆಯು ಕೇಳಿದಾಗ ನನ್ನಲ್ಲಿ ಉತ್ತರವಿರಲಿಲ್ಲ. ಆಕೆಯ ಆಟದಲ್ಲಿ ಗೆದ್ದವರು ಯಾರೆಂದು ನಾಳೆ ಆಕೆಯ ಮಗಳು ಕೇಳಿದರೆ, ಆಗಲಾದರೂ ಉತ್ತರವು ಇರಬೇಕು.